ಯಡಿಯೂರಿನ ಯಾತ್ರೆಯೂ ಒಂದು ವಿದ್ಯುತ್ಕೋಶದ ವೃತ್ತಾಂತವೂ

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಕುಣಿಗಲನ್ನು ದಾಟಿ ಪಡುವಣಕ್ಕೆ ಸಾಗಿದಂತೆಲ್ಲ ತೆಂಗಿನ ತೋಟಗಳು ಒಂದಕ್ಕೊಂದು ಒತ್ತಿಕೊಳ್ಳುತ್ತ ಬರುತ್ತವೆ. ಆ ತೋಟಗಳ ನಡುವೆ, ಶಿಂಶಾ ನದಿಯ ಪ್ರಾಂತದಲ್ಲಿ, ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯಿಂದ ಪ್ರಸಿದ್ಧವಾದ ಯಡಿಯೂರು ಕ್ಷೇತ್ರವಿದೆ. ವಾಚಕರಲ್ಲಿ ಅನೇಕರು ಈ ಸ್ಥಳವನ್ನು ಕಂಡವರೇ ಆಗಿರಬಹುದು. ಉಳಿದವರೂ ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಹೋಗುವಾಗ ಬಸ್ಸಿನಲ್ಲಿ ಕುಳಿತಲ್ಲಿಂದಲೇ ಕೈಮುಗಿದು ಮುಂದೆ ಹೋಗಿರುತ್ತಾರೆ. 2017ರಲ್ಲಿ ಬೆಂಗಳೂರು–ಹಾಸನ ರೈಲುಮಾರ್ಗವು ಸಂಚಾರಕ್ಕೆ ತೆರೆದ ಮೇಲೆ ರೈಲಿನಲ್ಲಿಯೂ ಬರುವುದಕ್ಕೆ ಅನುಕೂಲವಾಗಿದೆ. ನಾವು ಮಾತ್ರ ಹಳೆಯ ಅಭ್ಯಾಸದಂತೆ ತುಮಕೂರಿನಿಂದ ಬಸ್ಸನ್ನೇ ಹಿಡಿದು, ಕುಣಿಗಲಿನಲ್ಲಿ ಇಳಿದು ಕಾಫಿ ಕುಡಿದು, ಮತ್ತೊಂದು ಬಸ್ಸಿನಲ್ಲಿ ಬಂದೆವು. ಕಾರ್ತಿಕ ಮಾಸ, ಬೆಳಗಿನ ಮಂಜು ಇನ್ನೂ ತೆಂಗಿನ ಗರಿಗಳಿಂದ ತೊಟ್ಟಿಕ್ಕುತ್ತಿತ್ತು.

ದೇವರ ದರ್ಶನವನ್ನು ಮಾಡಿ, ದಾಸೋಹದಲ್ಲಿ ಪ್ರಸಾದವನ್ನು ಸ್ವೀಕರಿಸಿ, ಸಮೀಪದ ಕಗ್ಗೆರೆಯನ್ನೂ ನೋಡಿಕೊಂಡು ಬರಬೇಕೆಂಬುದು ನಮ್ಮ ಸಂಕಲ್ಪವಾಗಿತ್ತು. ಯತಿಗಳು ತಪಸ್ಸು ಮಾಡಿದ ತೋಟ ಕಗ್ಗೆರೆಯದೆಂದೂ, ‘ತೋಂಟದ’ ಎಂಬ ವಿಶೇಷಣವು ಅದರಿಂದಲೇ ಬಂದಿತೆಂದೂ ಪ್ರತೀತಿ. ಆದರೆ ಈ ಸಲದ ಪ್ರಯಾಣಕ್ಕೆ ಬೇರೆಯೊಂದು ಕಾರಣವೂ ಇದ್ದಿತು. ಯಡಿಯೂರಿಗೆ ಅನತಿದೂರದಲ್ಲಿ ತೋಟ ಮಾಡಿಕೊಂಡಿರುವ ನಮ್ಮ ಹಳೆಯ ಶಿಷ್ಯನೊಬ್ಬನು, “ಮೇಷ್ಟ್ರೇ, ದೇವರ ದರ್ಶನಕ್ಕೆ ಅಂತ ಬನ್ನಿ, ಆದರೆ ನಮ್ಮನೆ ಬ್ಯಾಟರಿ ದರ್ಶನಾನೂ ಮಾಡ್ಕೊಂಡು ಹೋಗಬೇಕು” ಎಂದು ಹೇಳಿ ಕಳುಹಿಸಿದ್ದನು. ಶಬ್ದರೂಪಾವಳಿಯನ್ನು ಕಲಿಸಿದವರನ್ನು ಬ್ಯಾಟರಿ ನೋಡಲು ಕರೆಯುವ ಶಿಷ್ಯನ ವಿಚಿತ್ರ ಬುದ್ಧಿಗೆ ನಗುತ್ತಲೇ ಹೊರಟ ನಾವು, ಅವನ ಮನೆಯ ಜಗಲಿಯಲ್ಲಿ ಕುಳಿತು ನಡೆದ ಸಂಗತಿಯನ್ನು ಕೇಳಿದಾಗ ನಗುವುದನ್ನು ಬಿಟ್ಟೆವು.

ಶಿಷ್ಯನ ತಾಯಿಗೆ ವಯಸ್ಸು ಎಂಬತ್ತನ್ನು ದಾಟಿದೆ. ಶ್ವಾಸಕೋಶದ ವ್ಯಾಧಿಯಿಂದಾಗಿ ಅವರಿಗೆ ರಾತ್ರಿಯೆಲ್ಲ ಆಮ್ಲಜನಕ ಕೊಡುವ ಯಂತ್ರ ಬೇಕು. ಅದು ಗಾಳಿಯಲ್ಲಿರುವ ಆಮ್ಲಜನಕವನ್ನೇ ಸೋಸಿ ಕೊಡುವ ಯಂತ್ರ. ಸುಮಾರು ಮುನ್ನೂರೈವತ್ತು ವಾಟ್ ವಿದ್ಯುತ್ತನ್ನು ಎಡೆಬಿಡದೆ ಬೇಡುತ್ತದೆ. ಹಳ್ಳಿಯ ತೋಟದ ಮನೆ. ಮಳೆಗಾಳಿ ಬಂದರೆ ಕಂಬ ಬೀಳುವುದು, ತಂತಿಯ ಮೇಲೆ ಗರಿ ಬೀಳುವುದು ಹೊಸತಲ್ಲ. ಆದಕಾರಣ ಶಿಷ್ಯನು ಮನೆಯ ಮೇಲೆ ಸೌರಫಲಕಗಳನ್ನು ಹಾಕಿಸಿ, ಜೊತೆಗೆ ಲಿಥಿಯಂ ಬ್ಯಾಟರಿಯನ್ನೂ ಇರಿಸಿಕೊಂಡನು. ಇದು ವಿವೇಕದ ಕೆಲಸವೇ ಸರಿ. 2024ರಲ್ಲಿ ಕೇಂದ್ರ ಸರ್ಕಾರವು ಸೂರ್ಯಘರ್ ಯೋಜನೆಯನ್ನು ಆರಂಭಿಸಿ ಮೂರು ಕಿಲೋವಾಟಿನ ಮನೆಗೆ 78,000 ರೂಪಾಯಿಗಳವರೆಗೆ ಸಹಾಯಧನವನ್ನು ಗೊತ್ತುಮಾಡಿದ ಮೇಲೆ ಅನೇಕರು ಫಲಕಗಳನ್ನು ಹಾಕಿಸಿರುವರಷ್ಟೆ. ಬ್ಯಾಟರಿಯಿಲ್ಲದೆ ಬರಿಯ ಫಲಕಗಳನ್ನು ಹಾಕಿಸಿದವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಲೈನಿನಲ್ಲಿ ಕರೆಂಟು ಹೋದೊಡನೆ, ಹೊರಗೆ ಉರಿಬಿಸಿಲಿದ್ದರೂ ಅವರ ಫಲಕಗಳೂ ಕೆಲಸ ನಿಲ್ಲಿಸುತ್ತವೆ. ಕಂಬ ಹತ್ತಿ ರಿಪೇರಿ ಮಾಡುವ ಲೈನ್‌ಮನ್ನನಿಗೆ ನಮ್ಮ ಮನೆಯ ವಿದ್ಯುತ್ತು ತಗಲಬಾರದೆಂದು ಮಾಡಿರುವ ಏರ್ಪಾಡು ಅದು.

ಶಿಷ್ಯನ ಮನೆಯಲ್ಲಿ ಬ್ಯಾಟರಿಯಿತ್ತು. ಐದು ಯೂನಿಟ್ಟಿಗೆ ಸ್ವಲ್ಪ ಮಿಕ್ಕಿ ಹಿಡಿಯತಕ್ಕದ್ದು. ಅದರ ಮಟ್ಟವನ್ನು ಮೊಬೈಲಿನಲ್ಲಿ ತೋರಿಸುವ ಏರ್ಪಾಡೂ ಇತ್ತು. ನವರಾತ್ರಿ ಕಳೆದ ಮೇಲಿನ ಒಂದು ಮೋಡ ಮುಸುಕಿದ ದಿನ, ಸಂಜೆಯ ಗಾಳಿಗೆ ಕಂಬವೊಂದು ಉರುಳಿ ಲೈನು ಹೋಯಿತು. ರಾತ್ರಿ ಮಲಗುವ ಮುನ್ನ ಶಿಷ್ಯನು ಮೊಬೈಲನ್ನು ನೋಡಿದನು. ಶೇಕಡ 80 ಎಂದಿತ್ತು. ನಿಶ್ಚಿಂತನಾಗಿ ಮಲಗಿದನು. ನಡುರಾತ್ರಿ ಎರಡೂವರೆಯ ಸುಮಾರಿಗೆ ಮನೆಯೆಲ್ಲ ಒಮ್ಮೆಗೇ ಕತ್ತಲೆಯಾಯಿತು. ಆಮ್ಲಜನಕದ ಯಂತ್ರ ಮಾತ್ರ ತನ್ನ ಒಳಗಿನ ಪುಟ್ಟ ಗಂಟೆಯಿಂದ ಕಿರುಚುತ್ತಿತ್ತು. ವೈದ್ಯರು ಹೇಳಿದ್ದರೆಂದು ತಂದಿರಿಸಿದ್ದ ಸಣ್ಣದೊಂದು ಸಿಲಿಂಡರು ಮೂಲೆಯಲ್ಲಿದ್ದುದರಿಂದ ಮುದುಕಿ ಉಳಿದರು. ಕತ್ತಲಲ್ಲಿ ಅದರ ಕೀಲಿಯನ್ನು ತಿರುಗಿಸುವಾಗ ತನ್ನ ಕೈ ನಡುಗಿದ ಬಗೆಯನ್ನು ಹೇಳುತ್ತ ಶಿಷ್ಯನು ನಮ್ಮೆದುರಿಗೆ ಮತ್ತೊಮ್ಮೆ ನಡುಗಿದನು. “ಎಂಬತ್ತು ಅಂತ ತೋರಿಸ್ತಿತ್ತು ಮೇಷ್ಟ್ರೇ. ಎಂಬತ್ತು ಇದ್ದದ್ದು ಸೊನ್ನೆ ಹೇಗಾಗತ್ತೆ?”

ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದವಳು ಅವನ ಮಗಳು. ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಹುಡುಗಿ. ಅವಳು ನಮಗೆ ವಿವರಿಸಿದುದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇವೆ.

ಆ ಬ್ಯಾಟರಿಯೊಳಗೆ ಹದಿನಾರು ಕೋಶಗಳು ಸಾಲಾಗಿ ಜೋಡಣೆಗೊಂಡಿವೆ. ಒಂದೊಂದರ ಸಹಜ ಒತ್ತಡ 3.2 ವೋಲ್ಟ್, ಒಟ್ಟು 51.2. ಲಿಥಿಯಂ, ಕಬ್ಬಿಣ, ಫಾಸ್ಫೇಟ್ ಇವುಗಳ ಸಂಯೋಗದಿಂದಾದ ಈ ಬಗೆಯ ಕೋಶವು 1990ರ ದಶಕದಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಜಾನ್ ಗುಡ್‌ಇನಫ್ ಎಂಬ ವಿದ್ವಾಂಸರ ಬಳಗದಿಂದ ಹೊರಬಂದದ್ದು. 2019ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆತಾಗ ವಯಸ್ಸು ತೊಂಬತ್ತೇಳು! ಅರವತ್ತಕ್ಕೇ ಮನೆಯಲ್ಲಿ ಕುಳಿತ ನಮ್ಮಂಥವರು ಕೇಳಿ ನಾಚತಕ್ಕ ವಿಷಯ. ಅದಿರಲಿ. ಈ ಕೋಶಗಳು ಸುರಕ್ಷಿತವಾದರೂ ಮರ್ಯಾದೆ ಮೀರಿದರೆ ಕೆಡುತ್ತವೆ. ಒಂದೊಂದು ಕೋಶವೂ 3.65 ವೋಲ್ಟಿನಿಂದ ಮೇಲೇರಬಾರದು, 2.5ರಿಂದ ಕೆಳಗಿಳಿಯಬಾರದು. ಹದಿನಾರನ್ನೂ ಪ್ರತ್ಯೇಕವಾಗಿ ಕಾಯುತ್ತ, ಒಂದು ಗೆರೆ ದಾಟಿದರೂ ಇಡಿಯ ಪೆಟ್ಟಿಗೆಯ ಬಾಗಿಲನ್ನು ಮುಚ್ಚುವ ಸಣ್ಣದೊಂದು ಯಂತ್ರ ಒಳಗಿರುತ್ತದೆ. ಅದಕ್ಕೆ ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ, ಸಂಕ್ಷೇಪವಾಗಿ ಬಿ.ಎಂ.ಎಸ್. ಎಂದು ಹೆಸರು. ನಾವು ಅದನ್ನು ‘ಕೋಶಪಾಲ’ ಎಂದೆವು. ಸಂಸ್ಕೃತದಲ್ಲಿ ಕೋಶವೆಂದರೆ ಭಂಡಾರವೂ ಹೌದು. 1909ರಲ್ಲಿ ಮೈಸೂರಿನಲ್ಲಿ ಶಾಮಶಾಸ್ತ್ರಿಗಳು ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಧನವನ್ನು ಸಂಗ್ರಹಿಸುವವನು ಸಮಾಹರ್ತೃ, ಕೂಡಿಟ್ಟದ್ದನ್ನು ಕಾಯುವವನು ಸನ್ನಿಧಾತೃ ಎಂದು ಇಬ್ಬರು ಬೇರೆ ಬೇರೆ ಅಧಿಕಾರಿಗಳಿದ್ದಾರೆ. ಈ ಮನೆಯಲ್ಲಿ ಫಲಕದಿಂದ ತಂದು ತುಂಬುವ, ಮನೆಗೆ ಹಂಚುವ ಇನ್ವರ್ಟರು ಒಬ್ಬ ಅಧಿಕಾರಿ; ಪೆಟ್ಟಿಗೆಯೊಳಗಿನ ಕೋಶಪಾಲ ಇನ್ನೊಬ್ಬ. ಅವರಿಬ್ಬರಿಗೂ ಮಾತಿರಲಿಲ್ಲ.

ಅನರ್ಥವೆಲ್ಲ ಅಲ್ಲಿಯೇ ಇದ್ದುದು. ಅಳವಡಿಸಿದವರು ದಪ್ಪನೆಯ ಎರಡು ತಂತಿಗಳನ್ನು ಬಿಗಿದು, ಇನ್ವರ್ಟರಿನಲ್ಲಿ ಹಳೆಯ ಸೀಸದ ಬ್ಯಾಟರಿಯ ಲೆಕ್ಕವನ್ನು ಹಾಗೆಯೇ ಬಿಟ್ಟು ಹೋಗಿದ್ದರು. ಸೀಸದ ಬ್ಯಾಟರಿಯಲ್ಲಿ ಧನ ಕರಗಿದಂತೆ ವೋಲ್ಟೇಜೂ ಇಳಿಯುತ್ತದೆ. ಅದನ್ನು ನೋಡಿ ಮಟ್ಟವನ್ನು ಊಹಿಸಬಹುದು. ಈ ಹೊಸ ಕೋಶವೋ ಮುಕ್ಕಾಲು ಖಾಲಿಯಾಗುವವರೆಗೂ ಹೆಚ್ಚುಕಡಮೆ ಒಂದೇ ವೋಲ್ಟೇಜಿನಲ್ಲಿ ನಿಂತಿರುತ್ತದೆ. ಹಸಿದರೂ ಮುಖ ಬಾಡದ ಅಭಿಮಾನಿಯಂತೆ. ಆ ರಾತ್ರಿ ಹದಿನೈದು ಕೋಶಗಳು ತಲಾ 3.2 ವೋಲ್ಟಿನಲ್ಲಿದ್ದು, ಒಂದು ಮಾತ್ರ 2.5ಕ್ಕೆ ಕುಸಿದಿತ್ತೆಂದು ಇಟ್ಟುಕೊಳ್ಳಿ. ಕೂಡಿದರೆ 50.5. ಸೀಸದ ಲೆಕ್ಕದಲ್ಲಿ ಇದು ಹೆಚ್ಚುಕಡಮೆ ತುಂಬಿದ ಬ್ಯಾಟರಿ! ಮೊಬೈಲು ತೋರಿಸಿದ ಎಂಬತ್ತು ಬರಿಯ ಊಹೆ. ಒಳಗಿದ್ದ ಕೋಶಪಾಲನು ಸತ್ಯವನ್ನು ಬಲ್ಲವನಾಗಿದ್ದು, ತನ್ನ ಧರ್ಮದಂತೆ ಬಾಗಿಲು ಹಾಕಿದನು. ಅದನ್ನು ತಪ್ಪೆನ್ನಲಾಗದು, ಹಾಕದಿದ್ದರೆ ಆ ಕೋಶ ಹಾಳಾಗುತ್ತಿತ್ತು. ಆದರೆ ಹಾಕುವುದಕ್ಕೆ ಮುನ್ನ ಹೇಳಲು ಅವನಿಗೆ ಬಾಯಿರಲಿಲ್ಲ.

ಅಂದು ಸಂಜೆ ಶಿಷ್ಯನು ನಮ್ಮನ್ನು ಮಾರ್ಕೋನಹಳ್ಳಿ ಜಲಾಶಯಕ್ಕೆ ಕರೆದುಕೊಂಡು ಹೋದನು. ಮೈಸೂರು ಸಂಸ್ಥಾನದ ಕಾಲದಲ್ಲಿ ಶಿಂಶೆಗೆ ಅಡ್ಡಲಾಗಿ ಕಟ್ಟಿದ ಈ ಅಣೆಕಟ್ಟು ತನ್ನ ಸೈಫನ್‌ಗಳಿಗೆ ಹೆಸರಾದುದು. ನೀರು ಗೊತ್ತಾದ ಮಟ್ಟವನ್ನು ಮುಟ್ಟಿದೊಡನೆ, ಯಾರೂ ಬಾಗಿಲೆತ್ತದೆ, ಬಾಗಿದ ಕೊಳವೆಯೊಳಗಿನ ಗಾಳಿಯನ್ನು ನೀರೇ ಹೊರಗೆ ತಳ್ಳಿ, ಹೀರುವಿಕೆಯಿಂದ ತಾನಾಗಿಯೇ ಆಚೆಗೆ ಧುಮುಕುತ್ತದೆ. ಮಟ್ಟವಿಳಿದು ಗಾಳಿ ಒಳಹೊಕ್ಕಾಗ ತಾನಾಗಿಯೇ ನಿಲ್ಲುತ್ತದೆ. ಏರಿಯ ಮೇಲೆ ನಿಂತು ಆ ಕಾಲದ ಶಿಲ್ಪಿಗಳ ಬುದ್ಧಿಗೆ ತಲೆದೂಗಿದೆವು. ಆದರೆ ಶಿಷ್ಯನ ಮುಖ ಕೆಳಗಾಯಿತು. 2025ರ ಅಕ್ಟೋಬರ್ ತಿಂಗಳಲ್ಲಿ ಇಲ್ಲಿಗೆ ವಿಹಾರಕ್ಕೆಂದು ಬಂದು ನೀರಿಗಿಳಿದಿದ್ದವರು, ಹಠಾತ್ತಾಗಿ ನುಗ್ಗಿದ ನೀರಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಕಟ್ಟೆಗೆ ಏನೂ ಆಗಲಿಲ್ಲ. ನಾವು ಹುಡುಗರಾಗಿದ್ದಾಗ ನಮ್ಮೂರ ಕೆರೆಗೆ ಒಬ್ಬ ನೀರಗಂಟಿಯಿದ್ದನು. ತೂಬೆತ್ತುವುದಕ್ಕೆ ಮುಂಚೆ ಏರಿಯ ಮೇಲೆ ನಿಂತು ಗದ್ದೆಬಯಲಿಗೆಲ್ಲ ಕೇಳುವಂತೆ ಕೂಗು ಹಾಕುತ್ತಿದ್ದನು. ತೂಬು ಮುಖ್ಯವೋ ಕೂಗು ಮುಖ್ಯವೋ ಎಂದು ಆಗ ಯಾರೂ ಕೇಳುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಹುಡುಗಿಯು ಕೋಶಪಾಲನಿಗೆ ಬಾಯಿ ಕೊಡುವ ಕೆಲಸಕ್ಕೆ ತೊಡಗಿದಳು. ಮೊದಲು ಸೌರಫಲಕದ ಮತ್ತು ಬ್ಯಾಟರಿಯ ಸ್ವಿಚ್ಚುಗಳನ್ನು ಆರಿಸಿದಳು. ಅಷ್ಟು ಹೊತ್ತು ಲೈನಿನ ಕರೆಂಟಿನಲ್ಲೇ ಅಜ್ಜಿಯ ಯಂತ್ರ ನಡೆಯುವಂತೆ ಮಾಡಿದ್ದಳು. ಆಮೇಲೆ ಕೈಬಳೆ, ಉಂಗುರಗಳನ್ನು ತೆಗೆದಿಟ್ಟಳು. ಲೋಹವೇನಾದರೂ ಆ ಎರಡು ದಪ್ಪ ಕಂಬಿಗಳ ನಡುವೆ ಬಿದ್ದರೆ ಕ್ಷಣಮಾತ್ರದಲ್ಲಿ ಕಾದು ಕರಗುವಷ್ಟು ವಿದ್ಯುತ್ತು ಹರಿಯುತ್ತದೆ. ಒಳಕೋಣೆಯಿಂದ ಅಜ್ಜಿ ನೋಡುತ್ತಿದ್ದರು. “ಯಾಕೆ ಮಗಾ, ಹಬ್ಬದ ತಿಂಗಳಲ್ಲಿ ಕೈ ಬರಿದು ಮಾಡ್ಕಂಡೆ?” ಎಂದರು. “ಒಂದು ಗಳಿಗೆ ಅಜ್ಜಿ, ಆಮೇಲೆ ಹಾಕ್ಕೋತೀನಿ” ಎಂದಳು. ಬಳೆಗಳನ್ನು ಅಜ್ಜಿಯೇ ಮಡಿಲಲ್ಲಿಟ್ಟುಕೊಂಡು ಕುಳಿತರು.

ಬ್ಯಾಟರಿಯ ಮೈಮೇಲೆ ಎರಡು ಕಿಂಡಿಗಳಿದ್ದವು. ಒಂದರ ಮೇಲೆ ಕ್ಯಾನ್ ಎಂದೂ ಇನ್ನೊಂದರ ಮೇಲೆ ಆರ್.ಎಸ್. 485 ಎಂದೂ ಬರೆದಿತ್ತು. ಇವು ಎರಡು ಭಾಷೆಗಳಿದ್ದಂತೆ. ಕ್ಯಾನ್ ಎಂಬುದನ್ನು ಜರ್ಮನಿಯ ಬಾಷ್ ಕಂಪನಿಯವರು ಮೋಟಾರು ಗಾಡಿಗಳೊಳಗಿನ ಯಂತ್ರಗಳು ಪರಸ್ಪರ ಮಾತನಾಡಲೆಂದು ರೂಪಿಸಿ 1986ರಲ್ಲಿ ಹೊರತಂದರು. ಎರಡು ತಂತಿಗಳು ಹೆಣೆದುಕೊಂಡು ಹೋಗುತ್ತವೆ. ಕೇಳುವ ಯಂತ್ರವು ಎರಡರ ವ್ಯತ್ಯಾಸವನ್ನು ಮಾತ್ರ ಗಮನಿಸುತ್ತದೆ. ಆದ್ದರಿಂದ ಹೊರಗಿನ ಗದ್ದಲ ಎರಡಕ್ಕೂ ಸಮವಾಗಿ ತಾಗಿ ಕಳೆದುಹೋಗುತ್ತದೆ. ಬಹಳ ಸೊಗಸಾದ ಯುಕ್ತಿ.

ಅವಳು ಮೊದಲು ಪೇಟೆಯಲ್ಲಿ ಸಿಕ್ಕುವ ಇಂಟರ್‌ನೆಟ್ ಕೇಬಲ್ಲನ್ನೇ ಸಿಕ್ಕಿಸಿದಳು. ಸದ್ದಿಲ್ಲ. ಕಿಂಡಿ ಎರಡು ಕಡೆಯೂ ಒಂದೇ ಆಕಾರದ್ದಾದರೂ ಒಳಗಿನ ಎಂಟು ತಂತಿಗಳಲ್ಲಿ ಯಾವುದು ಮಾತಿನ ತಂತಿ ಎಂಬುದನ್ನು ಒಬ್ಬೊಬ್ಬ ತಯಾರಕರು ಒಂದೊಂದು ಬಗೆಯಾಗಿ ಇಟ್ಟಿರುತ್ತಾರಂತೆ. ಈ ಅವಿವೇಕಕ್ಕೆ ಏನೆನ್ನಬೇಕೋ ತಿಳಿಯದು. ಅಕಾರಾದಿಯನ್ನು ಊರಿಗೊಂದು ಬಗೆಯಾಗಿ ಕಲಿಸಿದಂತಾಯಿತು. ತಪ್ಪು ತಂತಿ ಸೇರಿದರೆ ಕಿಂಡಿಯೇ ಸುಟ್ಟುಹೋಗಲೂಬಹುದು. ಅವಳು ಎರಡು ಯಂತ್ರಗಳ ಕೈಪಿಡಿಗಳನ್ನೂ ಮುಂದಿಟ್ಟುಕೊಂಡು, ನಮ್ಮಿಂದ ಅಂಕಿಗಳನ್ನು ಓದಿಸಿಕೊಂಡು, ಕೇಬಲ್ಲಿನ ಒಂದು ತುದಿಯನ್ನು ಕತ್ತರಿಸಿ ತಂತಿಗಳ ಸ್ಥಾನವನ್ನು ಬದಲಿಸಿ ಹೊಸದಾಗಿ ಬಿಗಿದಳು. ಆಗಲೂ ಮಾತು ತಡವರಿಸುತ್ತಿತ್ತು. ವಿದ್ಯುತ್ತನ್ನು ಆರಿಸಿ ಮೀಟರಿನಿಂದ ಎರಡು ತಂತಿಗಳ ನಡುವಣ ಪ್ರತಿರೋಧವನ್ನು ಅಳೆದಳು: 120 ಓಮ್. “ಅರವತ್ತು ಬರಬೇಕಿತ್ತು ಸಾರ್” ಎಂದಳು. ಸಾಲಿನ ಎರಡು ತುದಿಗಳಲ್ಲಿಯೂ 120 ಓಮಿನ ಒಂದೊಂದು ಪ್ರತಿರೋಧಕವಿದ್ದರೆ ಅಳತೆಗೆ ಅರವತ್ತು ಬರುವುದು ನಿಯಮ. ಒಂದು ತುದಿ ಬರಿದಾಗಿದ್ದುದರಿಂದ ಹೋದ ಶಬ್ದವೇ ಪ್ರತಿಧ್ವನಿಯಾಗಿ ಹಿಂದಿರುಗಿ ಮಾತನ್ನು ಕಲಸುತ್ತಿತ್ತು. ಇದ್ದಲ್ಲದ ತುದಿಗೆ ಒಂದನ್ನು ಸೇರಿಸಿದಳು. ಇನ್ವರ್ಟರಿನಲ್ಲಿ ‘ಸೀಸ’ವನ್ನು ತೆಗೆದು ‘ಲಿಥಿಯಂ’ ಎಂದು ಗೊತ್ತುಮಾಡಿ, ಕೈಪಿಡಿಯಲ್ಲಿ ಹೇಳಿದ ಭಾಷಾಸಂಖ್ಯೆಯನ್ನು ಕೊಟ್ಟಳು. ಅದುವರೆಗೆ ಮೊಬೈಲಿನಲ್ಲಿ 71 ಎಂದಿದ್ದ ಅಂಕಿ ಒಮ್ಮೆಗೇ 38ಕ್ಕೆ ಇಳಿಯಿತು. ಶಿಷ್ಯನು ಹೌಹಾರಿದನು. “ಇಳಿದದ್ದಲ್ಲ ಅಪ್ಪಾ, ಇದ್ದದ್ದೇ ಇಷ್ಟು” ಎಂದಳು ಮಗಳು. ಆ ಮಾತು ಕೇಳಿ ನಾವೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಈಗ ಕೋಶಪಾಲನು ಇನ್ವರ್ಟರಿಗೆ ಎಷ್ಟು ವೋಲ್ಟಿನವರೆಗೆ ತುಂಬಬಹುದು, ಎಷ್ಟು ವಿದ್ಯುತ್ತನ್ನು ಕೊಡಬಹುದು, ಎಷ್ಟನ್ನು ತೆಗೆಯಬಹುದು, ಉಳಿದಿರುವುದೆಷ್ಟು ಎಂಬುದನ್ನು ಸದಾ ಹೇಳುತ್ತಿರುತ್ತಾನೆ. ಒಳಬಂದದ್ದನ್ನೂ ಹೊರಹೋದದ್ದನ್ನೂ ಎಣಿಸಿ ಅವನು ಲೆಕ್ಕವಿಡುತ್ತಾನೆ. ಈ ಲೆಕ್ಕವೂ ದೋಷರಹಿತವಲ್ಲ. ದಿನಗಳು ಕಳೆದಂತೆ ಅಲ್ಪಸ್ವಲ್ಪ ತಪ್ಪು ಕೂಡುತ್ತ ಹೋಗುತ್ತದೆ. ಆಗಾಗ ಪೂರ್ತಿ ತುಂಬಿದರೆ ಮಾತ್ರ ಅವನು ಲೆಕ್ಕವನ್ನು ತಿದ್ದಿಕೊಳ್ಳುತ್ತಾನೆ.

ಇನ್ನುಳಿದದ್ದು ಮನೆಯವರಿಗೆ ಕಾಣಿಸುವ ಕೆಲಸ. ಇನ್ವರ್ಟರಿಗೆ ಒಟ್ಟು ಲೆಕ್ಕ ಸಾಕು. ಹದಿನಾರು ಕೋಶಗಳ ಕ್ಷೇಮಸಮಾಚಾರ ಮನೆಯವರಿಗೆ ಬೇಕು. ಅದಕ್ಕೆ ಎರಡನೆಯ ಕಿಂಡಿಯಾದ ಆರ್.ಎಸ್. 485ರಿಂದ ತಂತಿಯೆಳೆದು, ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಕಂಪ್ಯೂಟರಿಗೆ ಸೇರಿಸಿದಳು. ಅದರಲ್ಲಿ ಹೋಮ್ ಅಸಿಸ್ಟೆಂಟ್ ಎಂಬ ಉಚಿತ ತಂತ್ರಾಂಶ ಮೊದಲೇ ಇತ್ತು. ಈ ಭಾಷೆಯಲ್ಲಿ ಒಬ್ಬನು ಕೇಳುವುದು, ಕೇಳಿದಾಗ ಇನ್ನೊಬ್ಬನು ಹೇಳುವುದು ಎಂಬ ಗುರುಶಿಷ್ಯಕ್ರಮ. ಒಂದೇ ತಂತಿಯಲ್ಲಿ ಇಬ್ಬರು ಗುರುಗಳು ಪ್ರಶ್ನೆ ಹಾಕಿದರೆ ಉತ್ತರಗಳೆಲ್ಲ ಗೊಂದಲವಾಗುತ್ತವೆ. ಆದ್ದರಿಂದಲೇ ಇನ್ವರ್ಟರಿಗೆ ಒಂದು ಕಿಂಡಿ, ಕಂಪ್ಯೂಟರಿಗೆ ಒಂದು ಕಿಂಡಿ. ಇಲ್ಲಿಯೂ ಎರಡು ತಂತಿಗಳು ಅದಲುಬದಲಾಗಿ ಮೊದಲ ಪ್ರಯತ್ನ ವ್ಯರ್ಥವಾಯಿತು. ತಿರುಗಿಸಿ ಹಾಕಿದೊಡನೆ ಹದಿನಾರು ಅಂಕಿಗಳು ಪರದೆಯ ಮೇಲೆ ಸಾಲಾಗಿ ನಿಂತವು. ಕಂಪ್ಯೂಟರಿಗೆ ಓದುವ ಅಧಿಕಾರವನ್ನು ಮಾತ್ರ ಕೊಟ್ಟಳು, ಬದಲಾಯಿಸುವ ಅಧಿಕಾರವಿಲ್ಲ. ಯಾರೋ ತಿಳಿಯದೆ ಒತ್ತಿ ಕೋಶದ ಗೆರೆಗಳನ್ನು ಸಡಿಲಿಸಿಬಿಟ್ಟರೆ ಕಾವಲುಗಾರನೇ ಇಲ್ಲದಂತಾಗುವನಷ್ಟೆ. ಇಂಟರ್‌ನೆಟ್ ಇಲ್ಲದಿದ್ದರೂ ಇದೆಲ್ಲ ಮನೆಯೊಳಗೇ ನಡೆಯುವುದು ನಮಗೆ ಬಹಳ ಮೆಚ್ಚಿಗೆಯಾಯಿತು. ಕಂಬ ಬಿದ್ದ ರಾತ್ರಿ ಇಂಟರ್‌ನೆಟ್ಟನ್ನು ನಂಬಿ ಕುಳಿತವನ ಗತಿಯೇನು?

ಆ ಸಾಲಿನಲ್ಲಿ ಹನ್ನೊಂದನೆಯ ಕೋಶವೊಂದೇ ಹಿಂದೆ ಬಿದ್ದಿತ್ತು. ಅದು ಕೆಟ್ಟದ್ದಲ್ಲ, ಹಸಿದದ್ದು ಎಂದಳು. ಸೀಸದ ಲೆಕ್ಕದಲ್ಲಿ ಇನ್ವರ್ಟರು 54 ವೋಲ್ಟಿಗೇ ತುಂಬುವುದನ್ನು ನಿಲ್ಲಿಸುತ್ತಿದ್ದುದರಿಂದ, ಕೋಶಗಳನ್ನು ಸಮಮಾಡುವ ಕೆಲಸ ಆರಂಭವಾಗುವ ಮಟ್ಟಕ್ಕೆ ಅವು ಏರುತ್ತಲೇ ಇರಲಿಲ್ಲ. ಇನ್ನು ಮೇಲೆ 56ರವರೆಗೆ ತುಂಬಿದರೆ, ಮೇಲಿರುವ ಕೋಶಗಳಿಂದ ಕೋಶಪಾಲನು ತೊಟ್ಟುತೊಟ್ಟಾಗಿ ವಿದ್ಯುತ್ತನ್ನು ಇಳಿಸುತ್ತ, ಹಿಂದುಳಿದದ್ದು ಸರಿಗಟ್ಟುವಂತೆ ಮಾಡುತ್ತಾನೆ. ಅದಕ್ಕೆ ವಾರಗಳೇ ಹಿಡಿಯಬಹುದು. ಕೊನೆಯದಾಗಿ ಎರಡು ಏರ್ಪಾಡುಗಳನ್ನು ಮಾಡಿದಳು. ಲೈನಿನಲ್ಲಿ ಕರೆಂಟು ಇರುವಾಗ ಬ್ಯಾಟರಿ ಶೇಕಡ 60ಕ್ಕಿಂತ ಕೆಳಗಿಳಿಯದಂತೆ, ಬಿತ್ತನೆಯ ರಾಗಿಯನ್ನು ಬೇರೆ ಕಟ್ಟಿಡುವ ಹಾಗೆ, ಅಜ್ಜಿಯ ರಾತ್ರಿಗೆಂದು ಮೀಸಲಿರಿಸುವುದು ಒಂದು. ಲೈನಿಲ್ಲದಾಗ ಮಟ್ಟ ಶೇಕಡ 40ಕ್ಕೆ ಬಂದರೆ, ಅಥವಾ ಯಾವುದಾದರೊಂದು ಕೋಶ ಉಳಿದವುಗಳಿಂದ ಬಹಳ ಹಿಂದೆ ಬಿದ್ದರೆ, ನಡುಮನೆಯಲ್ಲಿ ಗಂಟೆ ಕೂಗುವುದು ಇನ್ನೊಂದು. ಗಂಟೆ ಕೂಗಿದರೆ ಫ್ರಿಜ್ಜನ್ನೂ ಫ್ಯಾನುಗಳನ್ನೂ ಆರಿಸತಕ್ಕದ್ದು. ಸಿಲಿಂಡರನ್ನು ಹಾಸಿಗೆಯ ಬಳಿಗೆ ತರತಕ್ಕದ್ದು. ಸಿಲಿಂಡರನ್ನು ಮಾತ್ರ ಯಾವ ಕಾರಣಕ್ಕೂ ಮನೆಯಿಂದ ಕಳುಹಿಸಕೂಡದೆಂದು ನಾವೂ ಒತ್ತಿ ಹೇಳಿ ಬಂದೆವು.

ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಹದಿಮೂರು ಸಾವಿರ ಎಕರೆಗಳಲ್ಲಿ 2,050 ಮೆಗಾವಾಟಿನ ಸೌರಸ್ಥಾವರವಿದೆ. ಅಲ್ಲಿ ಕಾಯುವುದಕ್ಕೆ ಇಂಜಿನಿಯರುಗಳಿದ್ದಾರೆ. ತೋಟದ ಮನೆಯಲ್ಲಿ ಗೃಹಸ್ಥನೇ ಇಂಜಿನಿಯರು. ಎಲ್ಲರ ಮನೆಯಲ್ಲಿಯೂ ಇಂಥ ಮಗಳಿರುವುದಿಲ್ಲವಾದ್ದರಿಂದ, ಬ್ಯಾಟರಿ ಕೊಳ್ಳುವವರು ಹಣ ಕೊಡುವುದಕ್ಕೆ ಮುನ್ನ, ಅದರ ಬಿ.ಎಂ.ಎಸ್. ಇನ್ವರ್ಟರಿನೊಡನೆ ಮಾತನಾಡುವುದನ್ನು ಕಣ್ಣೆದುರಿಗೆ ತೋರಿಸಿ ಎಂದು ಕೇಳಿದರೆ ಸಾಕು. ತೋರಿಸಲಾರದವರು ಬೇರೇನನ್ನು ಹೇಳಿದರೂ ಕೇಳಬೇಕಾದುದಿಲ್ಲ.

ಪುಷ್ಯಮಾಸದಲ್ಲಿ ಕಗ್ಗೆರೆಯ ಬಾಕಿಯನ್ನು ತೀರಿಸಲೆಂದು ಮತ್ತೊಮ್ಮೆ ಆ ಕಡೆಗೆ ಹೋಗಿದ್ದೆವು. ಮೊದಲ ಸಲ ಬ್ಯಾಟರಿಯ ಗದ್ದಲದಲ್ಲಿ ಅಲ್ಲಿಗೆ ಹೋಗುವುದೇ ತಪ್ಪಿಹೋಗಿತ್ತು. ಹಿಂದಿರುಗುವಾಗ ಶಿಷ್ಯನ ಮನೆಗೆ ಹೋದೆವು. ನಡುವೆ ಒಂದು ರಾತ್ರಿ ಲೈನು ಹೋಗಿ ಹನ್ನೆರಡು ಗಂಟೆಗೆ ಗಂಟೆ ಕೂಗಿತಂತೆ, ಫ್ರಿಜ್ಜನ್ನು ಆರಿಸಿದರಂತೆ, ಬೆಳಕು ಹರಿಯುವವರೆಗೂ ಆಮ್ಲಜನಕದ ಯಂತ್ರ ನಿಲ್ಲಲಿಲ್ಲವಂತೆ. ಅಜ್ಜಿ ಜಗಲಿಯಲ್ಲಿ ಎಳೆಬಿಸಿಲಿಗೆ ಕುಳಿತಿದ್ದರು. ಓದುಬರಹ ಬಾರದ ಆಕೆಗೆ ಮೊಮ್ಮಗಳು ಫೋನು ಮಾಡಿದಾಗಲೆಲ್ಲ ಒಂದೇ ಪ್ರಶ್ನೆಯಂತೆ: “ಹನ್ನೊಂದನೇದು ಹೆಂಗದೆ ಮಗಾ?” ನಾವು ಪರದೆಯನ್ನು ನೋಡಿ, ಈಗ ಉಳಿದವುಗಳ ಜೊತೆಗೇ ನಡೆಯುತ್ತಿದೆ ಎಂದು ಹೇಳಿದೆವು. “ಪಾಪ, ಉಣ್ಣಾಕಿಲ್ಲದೆ ಸೊರಗಿತ್ತು” ಎಂದು ಹೇಳಿ, ನಮಗೆ ಎಳನೀರು ಕೆತ್ತಿಕೊಡುವಂತೆ ಮಗನನ್ನು ಕೂಗಿದರು.